ಸಾಕಿದ ನಾಯಿಯ ಹೊಣೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ ಆತಕೂರು ಎಂಬ ಊರುಂಟು. ಅಲ್ಲಿ ದೊರೆತ ಒಂದು ಕನ್ನಡ ಶಿಲಾಶಾಸನ ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ, ಬೇಕಾದುದನ್ನು ಕೇಳೆಂದು ಗಂಗ ದೊರೆ ಬೂತುಗ ಹೇಳಿದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಬೆಳತೂರಿನ ಗುಡ್ಡದಲ್ಲಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಒಂದನ್ನೊಂದು ಕೊಂದು ಸತ್ತವು. ಆಮೇಲೆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಪೂಜಾರಿ ಉಣ್ಣಬಾರದೆಂದು ಕಟ್ಟಳೆ ಮಾಡಿದರು.

ಸಾವಿರ ವರ್ಷಕ್ಕೂ ಹಿಂದಿನ ಈ ಮಾತಿನಲ್ಲಿ ನಮ್ಮ ಇಂದಿನ ಪಾಠದ ತಿರುಳು ಇದೆ. ನಾಯಿಯನ್ನು ಮೆಚ್ಚುವುದು ಸುಲಭ. ಆದರೆ ‘ಇದನ್ನು ಮಾಡದೆ ನಾನು ಉಣ್ಣುವುದಿಲ್ಲ’ ಎಂಬ ನಿತ್ಯದ ಕಟ್ಟಳೆ ಹಾಕಿಕೊಳ್ಳುವುದು ಕಷ್ಟ. ನಾಯಿಯ ಸುರಕ್ಷಿತತೆ, ಅದರ ಆರೋಗ್ಯ, ಅದು ನಮ್ಮ ಮೇಲೆ ಇಡುವ ಅಕ್ಕರೆ, ಈ ಮೂರೂ ಆ ಕಟ್ಟಳೆಯಿಂದಲೇ ಬರುತ್ತವೆ.

ನಾಲ್ವರ ನಾಯಿ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಅನೇಕರು ಮನೆಮಂದಿಯನ್ನು ಊರಲ್ಲಿ ಬಿಟ್ಟು ಬಂದವರು. ಒಂದು ಖೋಲಿಯಲ್ಲಿ ನಾಲ್ಕೈದು ಜನರಿದ್ದು ಪಾಳಿಯ ಮೇಲೆ ದುಡಿಯುವವರು. ಅಂಥವರ ಬಾಗಿಲಲ್ಲಿ ಒಂದು ನಾಯಿ ಬಂದು ಸೇರುವುದು ಹೊಸದಲ್ಲ. ಕೆಲಸ ಮುಗಿಸಿ ಬರುವ ಹೊತ್ತಿಗೆ ಬಾಲ ಅಲ್ಲಾಡಿಸಿ ಎದುರುಗೊಳ್ಳುವ ಒಂದು ಜೀವವಿದ್ದರೆ ದಣಿವು ಅರ್ಧ ಇಳಿಯುತ್ತದೆ.

ನಾವೂ ಹಾಗೆ ಒಂದು ಮಳೆಗಾಲದಲ್ಲಿ ನೆನೆಯುತ್ತಿದ್ದ ಮರಿಯೊಂದನ್ನು ಒಳಗೆ ತಂದೆವು. ಮೋತಿ ಎಂದು ಹೆಸರಿಟ್ಟೆವು. ಖೋಲಿಯಲ್ಲಿ ನಾಲ್ವರಿದ್ದೆವು, ನಾಲ್ವರಿಗೂ ಅದರ ಮೇಲೆ ಪ್ರೀತಿ. ಹಗಲು ಪಾಳಿಯವರು ರಾತ್ರಿ ಪಾಳಿಯವರು ನೀರಿಟ್ಟಿರಬೇಕೆಂದುಕೊಂಡರು. ರಾತ್ರಿ ಪಾಳಿಯವರು ಹಗಲಿನವರು ಚುಚ್ಚುಮದ್ದು ಹಾಕಿಸಿರಬೇಕೆಂದುಕೊಂಡರು. ಹೀಗೆ ವರ್ಷ ಕಳೆಯಿತು.

ಒಂದು ದಿನ ಮೋತಿ ಅನ್ನ ತಿನ್ನುತ್ತಿದ್ದಾಗ ಪಕ್ಕದ ಖೋಲಿಯ ಏಳು ವರ್ಷದ ಹುಡುಗ ಹಿಂದಿನಿಂದ ಬಂದು ಅದರ ಬಾಲ ತುಳಿದ. ನಾಯಿ ತಿರುಗಿ ಮೀನಖಂಡಕ್ಕೆ ಹಲ್ಲು ಹಾಕಿತು. ರಕ್ತ ಬಂತು. ಹುಡುಗನ ಅಜ್ಜಿ ಖಾರದಪುಡಿ, ಅರಿಶಿನ ತಂದರು. ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಹುಡುಗನನ್ನು ಎತ್ತಿಕೊಂಡು ನಳದ ಕೆಳಗೆ ನಿಲ್ಲಿಸಿದರು. ಹುಡುಗನ ತಂದೆ ವಿಜಾಪುರದ ಕಡೆಯವರು. ಅವರು ನಮ್ಮ ಬಾಗಿಲಿಗೆ ಬಂದು ಒಂದೇ ಮಾತು ಕೇಳಿದರು: “ಈ ನಾಯಿ ಯಾರದ್ರೀ?”

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದೆವು. ‘ನನ್ನದು’ ಎನ್ನಲು ಒಬ್ಬರಿಗೂ ಬಾಯಿ ಬರಲಿಲ್ಲ. ಪ್ರೀತಿ ನಾಲ್ಕು ಪಾಲಾಗಿತ್ತು, ಹೊಣೆ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ. ಹುಡುಗನಿಗೆ ಅದೇ ದಿನ ಸರಕಾರಿ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಆರಂಭವಾಯಿತು. ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಿಕೊಳ್ಳಲು ಹೇಳಿದರು. ಆ ಹತ್ತು ದಿನ ನಮಗೆ ಅನ್ನ ರುಚಿಸಲಿಲ್ಲ. ದೇವರ ದಯೆಯಿಂದ ಹುಡುಗನೂ ಉಳಿದ, ನಾಯಿಯೂ ಆರೋಗ್ಯವಾಗಿತ್ತು. ಆದರೆ ಆ ತಂದೆಯ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಆಮೇಲೆ ಕೇಳಿ, ಓದಿ, ಪಶುವೈದ್ಯರನ್ನು ಕಂಡು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

1. ಹುಚ್ಚುನಾಯಿ ರೋಗ

ಮೊದಲು ತಿಳಿಯತಕ್ಕದ್ದು ರೇಬೀಸ್, ಅಂದರೆ ಹುಚ್ಚುನಾಯಿ ರೋಗದ ವಿಷಯ. ಇದು ಒಂದು ವೈರಾಣುವಿನಿಂದ ಬರುತ್ತದೆ. ರೋಗ ಹಿಡಿದ ಪ್ರಾಣಿಯ ಜೊಲ್ಲಿನಲ್ಲಿ ಅದು ಇರುತ್ತದೆ. ಕಚ್ಚಿದ ಗಾಯದ ಮೂಲಕ ಒಳಹೊಕ್ಕು, ನರಗಳ ದಾರಿಯಲ್ಲಿ ನಿಧಾನವಾಗಿ ಮಿದುಳಿಗೆ ಏರುತ್ತದೆ. ಹೀಗೆ ಏರಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯಬಹುದು, ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ಒಂದು ವರ್ಷ. ರೋಗದ ಲಕ್ಷಣ ಒಮ್ಮೆ ಕಾಣಿಸಿತೆಂದರೆ ಬದುಕುವುದು ಇಲ್ಲವೆಂದೇ ಹೇಳಬೇಕು. ಆದರೆ ಅದಕ್ಕೆ ಮೊದಲು ಮದ್ದು ತೆಗೆದುಕೊಂಡರೆ ರೋಗವನ್ನು ತಡೆಯಬಹುದು. ಇಷ್ಟು ಭಯಂಕರವಾದ ರೋಗ ಇಷ್ಟು ಸುಲಭವಾಗಿ ತಡೆಯುವಂಥದ್ದು ಎಂಬುದನ್ನು ಪ್ರತಿಯೊಬ್ಬರೂ ಮನಸ್ಸಿನಲ್ಲಿಡಬೇಕು.

ಮನುಷ್ಯರಿಗೆ ಬರುವ ಈ ರೋಗದಲ್ಲಿ ನೂರಕ್ಕೆ ತೊಂಬತ್ತೊಂಬತ್ತರವರೆಗೆ ನಾಯಿಯಿಂದಲೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಹಾಕಿದರೆ ರೋಗ ಹರಡುವ ಸರಪಳಿ ಕಡಿದುಹೋಗುತ್ತದೆ ಎಂಬುದೂ ಆ ಸಂಸ್ಥೆಯ ಲೆಕ್ಕವೇ. ಆದುದರಿಂದ ನಮ್ಮ ನಾಯಿಗೆ ಲಸಿಕೆ ಹಾಕಿಸುವುದು ನಮ್ಮ ಒಬ್ಬರ ಸುಖದ ಮಾತಲ್ಲ, ನೆರೆಹೊರೆಯ ಮಕ್ಕಳಿಗೆ ನಾವು ತೀರಿಸಬೇಕಾದ ಋಣ.

ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಈ ರೋಗದ ಲಸಿಕೆಯನ್ನು ಕೊಡಲಾರಂಭಿಸಿದರು. ಹುಡುಗ ಬದುಕಿದ. ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನು ಈಗ ವಿಶ್ವ ರೇಬೀಸ್ ದಿನವೆಂದು ಆಚರಿಸುತ್ತಾರೆ. ಮುಂದೆ ನಮ್ಮ ದೇಶದಲ್ಲಿ ಕುರಿಯ ಮಿದುಳಿನಿಂದ ತಯಾರಿಸಿದ ಲಸಿಕೆ ಬಹುಕಾಲ ಬಳಕೆಯಲ್ಲಿತ್ತು. ಹೊಟ್ಟೆಗೆ ಹದಿನಾಲ್ಕು ಸೂಜಿ ಎಂದು ಹಿರಿಯರು ಹೆದರಿಸುವುದು ಆ ಲಸಿಕೆಯ ನೆನಪಿನಿಂದ. ಅದರ ಬಳಕೆ 2005ರ ಹೊತ್ತಿಗೆ ನಿಂತುಹೋಯಿತು. ಈಗ ಸೂಜಿ ತೋಳಿಗೆ, ನಾಲ್ಕೈದು ಸಲ ಮಾತ್ರ. ಸರಕಾರಿ ಆಸ್ಪತ್ರೆಗಳಲ್ಲಿ ಹಣ ಕೊಡಬೇಕಾಗಿಲ್ಲ. ಹಳೆಯ ಹೆದರಿಕೆಯಿಂದ ಯಾರೂ ಮನೆಯಲ್ಲಿ ಕೂಡಬಾರದು.

ನಾಯಿ ಕಚ್ಚಿದರೆ ಮಾಡತಕ್ಕದ್ದು ಇಷ್ಟು:

ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಏಕೆಂದರೆ ಗಾಬರಿಯಲ್ಲಿ ಎರಡು ನಿಮಿಷ ಹದಿನೈದರಂತೆ ಕಾಣುತ್ತದೆ. ಖಾರ, ಸುಣ್ಣ, ಅರಿಶಿನ, ಎಣ್ಣೆ, ಕಾಫಿಪುಡಿ ಯಾವುದನ್ನೂ ಹಚ್ಚಬಾರದು. ಬಿಗಿಯಾಗಿ ಪಟ್ಟಿ ಕಟ್ಟಬಾರದು.

ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಮದ್ದನ್ನು ಗಾಯದ ಸುತ್ತಲೇ ಹಾಕುತ್ತಾರೆ. ವೈದ್ಯರು ಬರೆದುಕೊಟ್ಟ ತಾರೀಖುಗಳಲ್ಲಿ ಒಂದನ್ನೂ ತಪ್ಪಿಸಬಾರದು. ಗಾಯ ಒಣಗಿತೆಂದು ಕೊನೆಯ ಸೂಜಿ ಬಿಡುವವರುಂಟು, ಅದು ದೊಡ್ಡ ತಪ್ಪು.

ಕಚ್ಚಿದ್ದು ಸಾಕಿದ ನಾಯಿಯಾದರೂ, ಲಸಿಕೆ ಹಾಕಿಸಿದ ನಾಯಿಯಾದರೂ ವೈದ್ಯರನ್ನು ಕೇಳದೆ ಸುಮ್ಮನಿರಬಾರದು. ನಾಯಿಯನ್ನು ಹತ್ತು ದಿನ ನೋಡುವುದು ಸರಿಯೇ. ಆದರೆ ನೋಡುತ್ತ ಕುಳಿತು ಚುಚ್ಚುಮದ್ದನ್ನು ತಡಮಾಡುವುದು ಸರಿಯಲ್ಲ.

2. ನಾಯಿಗೆ ಹಾಕಿಸಬೇಕಾದ ಮದ್ದು

ಮರಿಯನ್ನು ಎಂಟು ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬಾರದು. ಆರರಿಂದ ಎಂಟು ವಾರದೊಳಗೆ ಮೊದಲನೆಯ ಲಸಿಕೆ ಆರಂಭವಾಗಬೇಕು. ಇದು ಡಿಸ್ಟೆಂಪರ್, ಪಾರ್ವೊ ಮೊದಲಾದ ರೋಗಗಳಿಗೆ. ಪಾರ್ವೊ ಬಂದ ಮರಿ ವಾಂತಿ, ರಕ್ತಭೇದಿಯಿಂದ ಎರಡು ಮೂರು ದಿನದಲ್ಲಿ ಸತ್ತುಹೋಗಬಹುದು. ಮೂರು ನಾಲ್ಕು ವಾರಕ್ಕೊಮ್ಮೆ ಈ ಲಸಿಕೆಯನ್ನು ಮರಿಗೆ ಹದಿನಾರು ವಾರ ಆಗುವವರೆಗೆ ಮತ್ತೆ ಹಾಕಿಸಬೇಕು. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷ. ಲಸಿಕೆಯ ಚೀಟಿಯನ್ನು ರೇಶನ್ ಕಾರ್ಡಿನಷ್ಟೇ ಜೋಪಾನವಾಗಿಡಿ. ಮುಂಬಯಿಯಂಥ ನಗರಗಳಲ್ಲಿ ನಗರಪಾಲಿಕೆಯ ಪರವಾನಗಿ ಪಡೆಯಲು ಅದು ಬೇಕು.

ಮಳೆಗಾಲದಲ್ಲಿ ಇಲಿಜ್ವರದ ಭಯ ಹೆಚ್ಚು. ಇಲಿಯ ಮೂತ್ರ ಬೆರೆತ ನೀರಿನಿಂದ ಅದು ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಅದಕ್ಕೂ ನಾಯಿಗೆ ಲಸಿಕೆಯುಂಟು. ಜಂತುಹುಳದ ಮದ್ದನ್ನು ಮರಿಗಳಿಗೆ ಮೇಲಿಂದ ಮೇಲೆ, ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ ಕೊಡಬೇಕು. ದಿನಕ್ಕೊಮ್ಮೆ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ಕೈಯಾಡಿಸಿ ಉಣ್ಣಿ ಇದೆಯೇ ನೋಡಿ. ಉಣ್ಣಿಯಿಂದ ಬರುವ ಜ್ವರದಲ್ಲಿ ನಾಯಿ ಊಟ ಬಿಟ್ಟು, ವಸಡು ಬಿಳಿಚಿ, ಮೂಲೆ ಸೇರುತ್ತದೆ.

ಮರಿ ಬೇಡವೆಂದಾದರೆ ಗಂಡಾಗಲಿ ಹೆಣ್ಣಾಗಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಉತ್ತಮ. ಹೆಣ್ಣುನಾಯಿ ಸುಮಾರು ಅರವತ್ತಮೂರು ದಿನಕ್ಕೆ ಈಯುತ್ತದೆ. ಐದಾರು ಮರಿಗಳನ್ನು ರಾತ್ರಿ ಹೊತ್ತು ಮಾರುಕಟ್ಟೆಯಲ್ಲಿ ಬಿಟ್ಟುಬರುವ ಪಾಪ ಬೇಡ.

ಪರೇಲಿನಲ್ಲಿ ಬಾಯಿ ಸಾಕರಬಾಯಿ ದಿನಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಇದೆ. 1886ರಲ್ಲಿ ಆರಂಭವಾದ ಮುಂಬಯಿ ಪಶುವೈದ್ಯಕೀಯ ಕಾಲೇಜೂ ಅಲ್ಲಿಯೇ ಇದೆ. ಬೇರೆ ನಗರಗಳ ಬಂಧುಗಳು ತಮ್ಮ ಊರಿನ ಪಶುವೈದ್ಯಕೀಯ ಕಾಲೇಜು ಎಲ್ಲಿದೆಯೆಂದು ಈಗಲೇ ವಿಚಾರಿಸಿಟ್ಟುಕೊಳ್ಳಿ. ನಡುರಾತ್ರಿ ನಾಯಿ ಒದ್ದಾಡುವಾಗ ಹುಡುಕುವುದು ಕಷ್ಟ.

3. ಊಟ

ನಾಯಿಗೆ ಬೆಲೆಯುಳ್ಳ ಡಬ್ಬಿಯ ಆಹಾರವೇ ಆಗಬೇಕೆಂದಿಲ್ಲ. ಉಪ್ಪು ಖಾರ ಹಾಕದೆ ಬೇಯಿಸಿದ ಅನ್ನ ಅಥವಾ ರಾಗಿಗೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಮಾಂಸ, ಸ್ವಲ್ಪ ಕುಂಬಳ ಅಥವಾ ಗಜ್ಜರಿ ಬೆರೆಸಿ ಕೊಡಬಹುದು. ಬರಿಯ ಹಾಲು ಅನ್ನದ ಮೇಲೆ ನಾಯಿ ಪುಷ್ಟಿಯಾಗದು. ದೊಡ್ಡ ನಾಯಿಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ.

ಕೊಡಲೇಬಾರದ ಪದಾರ್ಥಗಳಿವೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನು ಕೆಡಿಸುತ್ತವೆ. ಆದುದರಿಂದ ನಮ್ಮ ಸಾರು, ಪಲ್ಯ ಅದಕ್ಕೆ ವರ್ಜ್ಯ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಅಪಾಯ. ಹಬ್ಬದ ಪಾಯಸ ಹಾಕುವ ಮೊದಲು ಇದನ್ನು ನೆನೆಯಿರಿ. ಚಾಕಲೇಟು ವಿಷ. ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳಿ ಕರುಳನ್ನು ಚುಚ್ಚುತ್ತದೆ. ಜ್ವರ ಬಂತೆಂದು ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಗುಳಿಗೆಗಳನ್ನು ನಾಯಿಗೆ ಹಾಕಬಾರದು, ಪ್ರಾಣಕ್ಕೇ ಸಂಚಕಾರವಾದೀತು. ಅಂದಹಾಗೆ ನಾಯಿಯ ಮೈ ನಮಗಿಂತ ಬಿಸಿಯೇ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ.

4. ಬಿಸಿಲು, ಪಟಾಕಿ, ಸರಪಳಿ

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುವುದೇ ಅದು ತಂಪಾಗುವ ಮುಖ್ಯ ದಾರಿ. ತಗಡಿನ ಮಾಡಿನ ಕೆಳಗೆ, ಗಾಳಿಯಿಲ್ಲದ ಖೋಲಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಅದನ್ನು ಕೂಡಿಹಾಕಿ ಕೆಲಸಕ್ಕೆ ಹೋಗುವುದು ಕೊಲೆಗೆ ಸಮಾನ. ನೆರಳು, ಗಾಳಿ, ಉರುಳದ ಪಾತ್ರೆಯಲ್ಲಿ ನೀರು ಬೇಕೇ ಬೇಕು. ಡಾಂಬರು ರಸ್ತೆಗೆ ಅಂಗೈಯ ಹಿಂಬದಿ ಇಟ್ಟು ಐದಾರು ಸೆಕೆಂಡು ತಾಳಲಾಗದಿದ್ದರೆ ನಾಯಿಯ ಪಾದಕ್ಕೂ ತಾಳದು. ಬಿಸಿಲು ತಗಲಿ ನಾಯಿ ತೂರಾಡಿದರೆ ನೆರಳಿಗೆ ತಂದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತ ವೈದ್ಯರಲ್ಲಿಗೆ ಒಯ್ಯಬೇಕು.

ನಮ್ಮ ಕಿವಿಗೆ ಕೇಳುವ ಧ್ವನಿ ಸೆಕೆಂಡಿಗೆ 20,000 ಕಂಪನದವರೆಗೆ. ನಾಯಿಗೆ ಸುಮಾರು 45,000ದವರೆಗೆ ಕೇಳುತ್ತದೆ. ದೂರದ ಸಣ್ಣ ಸದ್ದೂ ಅದಕ್ಕೆ ಮುಟ್ಟುತ್ತದೆ. ಹೀಗಿರುವಾಗ ದೀಪಾವಳಿಯ ಪಟಾಕಿ ಅದಕ್ಕೆ ಎಂಥ ಸಂಕಟವೆಂದು ಊಹಿಸಬಹುದು. ಆ ದಿನಗಳಲ್ಲಿ ಕತ್ತಲಾಗುವ ಮೊದಲೇ ತಿರುಗಾಡಿಸಿ, ಕಿಟಕಿ ಮುಚ್ಚಿ, ಮಂಚದ ಕೆಳಗೆ ಜಾಗ ಕೊಟ್ಟು, ಒಬ್ಬರಾದರೂ ಹತ್ತಿರ ಇರಬೇಕು. ಕೊರಳಪಟ್ಟಿಯಲ್ಲಿ ಫೋನ್ ಸಂಖ್ಯೆ ಬರೆದಿರಬೇಕು. ಬೆದರಿ ಓಡಿದ ನಾಯಿಗೆ ದೊಡ್ಡ ಪಟ್ಟಣದಲ್ಲಿ ದಾರಿ ಸಿಕ್ಕದು.

ಗಿಡ್ಡ ಸರಪಳಿಯಲ್ಲಿ ಹಗಲಿಡೀ ಕಟ್ಟಿದ ನಾಯಿ ಕಾವಲುಗಾರನಾಗುವುದಿಲ್ಲ, ಕಚ್ಚುವ ನಾಯಿಯಾಗುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರವೂ ಹಾಗೆ ಕಟ್ಟುವುದು ಅಪರಾಧ.

ತಳಿಯ ಆಯ್ಕೆಯಲ್ಲೂ ವಿವೇಕ ಬೇಕು. ಬಾಗಲಕೋಟೆ ಕಡೆಯ ಬಂಧುಗಳಿಗೆ ಮುಧೋಳ ನಾಯಿಯೆಂದರೆ ಅಭಿಮಾನ. ಅದು ಸಹಜವೇ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಹೊರಟಿತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನ ಕೇಂದ್ರವಿದೆ. ಆದರೆ ಅದು ಬಯಲಿನಲ್ಲಿ ಓಡಲು ಹುಟ್ಟಿದ ಬೇಟೆನಾಯಿ. ಹತ್ತು ಅಡಿ ಖೋಲಿಯಲ್ಲಿ ಅದನ್ನು ಕಟ್ಟಿ ಅಭಿಮಾನಪಡುವುದರಲ್ಲಿ ಅರ್ಥವಿಲ್ಲ. ನಮ್ಮಂಥವರಿಗೆ ಬೀದಿಯ ನಾಡನಾಯಿಯ ಮರಿಯೇ ಮೇಲು. ಇಲ್ಲಿಯ ಹವೆಗೆ ಅದು ಒಗ್ಗಿದೆ.

5. ಸ್ನೇಹ ಬೆಳೆಯುವ ಬಗೆ

ಅನ್ನ ಹಾಕಿದರೆ ನಾಯಿ ನಮ್ಮದಾಯಿತೆಂದು ತಿಳಿಯುವುದು ಅರ್ಧ ಸತ್ಯ. 2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ನಾಯಿಯೂ ಒಡೆಯನೂ ಒಬ್ಬರ ಕಣ್ಣನ್ನೊಬ್ಬರು ಸ್ನೇಹದಿಂದ ಬಹಳ ಹೊತ್ತು ನೋಡಿದಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಎಂಬ ರಸ ಏರುತ್ತದೆಂದು ಅವರು ಕಂಡರು. ತಾಯಿ ಮಗುವಿನ ವಾತ್ಸಲ್ಯದಲ್ಲಿ ಕೆಲಸ ಮಾಡುವ ರಸವೇ ಇದು. ಮನುಷ್ಯರು ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ. ಇದರಿಂದ ನಾವು ಕಲಿಯುವುದೇನೆಂದರೆ, ನಾಯಿಗೆ ನಮ್ಮ ಹೊತ್ತು ಬೇಕು. ದಿನಕ್ಕೆ ಹದಿನೈದು ನಿಮಿಷವಾದರೂ ಕೈಯಲ್ಲಿ ಬೇರೆ ಕೆಲಸವಿಲ್ಲದೆ, ಮೊಬೈಲು ಕೆಳಗಿಟ್ಟು, ಅದರೊಡನೆ ಕೂಡಬೇಕು. ಆದರೆ ಪರಿಚಯವಿಲ್ಲದ ನಾಯಿಯನ್ನು ಹೀಗೆ ದಿಟ್ಟಿಸಬಾರದು, ಅದು ಅದಕ್ಕೆ ಬೆದರಿಕೆಯಾಗಿ ಕಾಣುತ್ತದೆ.

ಕಲಿಸುವುದು ಹೊಡೆತದಿಂದಲ್ಲ. ಹೇಳಿದಂತೆ ಮಾಡಿದ ಕ್ಷಣವೇ ಒಂದು ತುಣುಕು ತಿಂಡಿ, ಒಂದು ಒಳ್ಳೆಯ ಮಾತು. ಖೋಲಿಯವರೆಲ್ಲರೂ ಒಂದೇ ಶಬ್ದ ಬಳಸಬೇಕು. ಒಬ್ಬರು ‘ಕೂಡು’, ಇನ್ನೊಬ್ಬರು ‘ಕುಳಿತುಕೋ’, ಮತ್ತೊಬ್ಬರು ‘ಬೈಠ್’ ಎಂದರೆ ನಾಯಿ ಯಾವ ಭಾಷೆ ಕಲಿತೀತು? ಬೆಳಿಗ್ಗೆ ಕಡಿದ ಚಪ್ಪಲಿಗೆ ಸಂಜೆ ಹೊಡೆದರೆ, ಚಪ್ಪಲಿಗಾಗಿ ಹೊಡೆದರೆಂದು ಅದಕ್ಕೆ ತಿಳಿಯದು. ನಾವು ಮನೆಗೆ ಬಂದುದಕ್ಕೆ ಹೊಡೆತ ಬಿತ್ತೆಂದು ತಿಳಿಯುತ್ತದೆ.

ನಾಯಿಯ ಮಾತನ್ನು ನಾವೂ ಕಲಿಯಬೇಕು. ಬಾಲ ಒಳಗೆಳೆಯುವುದು, ಕಿವಿ ಹಿಂದಕ್ಕೆ ಮಡಚುವುದು, ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮೈ ಬಿಗಿದು ನಿಲ್ಲುವುದು, ಇವೆಲ್ಲ ‘ನನಗೆ ಹೆದರಿಕೆಯಾಗಿದೆ’ ಎಂಬ ಮಾತು. ಗುರ್ರೆನ್ನುವುದು ಕಡೆಯ ನೋಟೀಸು. ಗುರ್ರೆಂದದ್ದಕ್ಕೆ ಹೊಡೆದರೆ ಮುಂದಿನ ಸಲ ನೋಟೀಸಿಲ್ಲದೆ ಕಚ್ಚುತ್ತದೆ. ಉಣ್ಣುವ ನಾಯಿ, ಮಲಗಿದ ನಾಯಿ, ಮರಿಯಿರುವ ನಾಯಿ, ಈ ಮೂರರ ಹತ್ತಿರ ಹೋಗಬಾರದೆಂದು ಮಕ್ಕಳಿಗೆ ಹೇಳಿಕೊಡಿ. ಎಷ್ಟೇ ಸಾಧುವಾದ ನಾಯಿಯಾದರೂ ಸಣ್ಣ ಮಕ್ಕಳೊಡನೆ ಒಂಟಿಯಾಗಿ ಬಿಡಬೇಡಿ. ಮೋತಿ ಕಚ್ಚುವ ಮೊದಲು ಗುರ್ರೆಂದಿತ್ತಂತೆ. ಕೇಳಿಸಿಕೊಳ್ಳಬೇಕಾದ ನಾವು ಯಾರೂ ಅಲ್ಲಿರಲಿಲ್ಲ.

6. ಊರಿಗೆ ಹೋಗುವಾಗ

ನಮ್ಮಂಥ ಪರಸ್ಥಳದವರಿಗೆ ಇದು ಎಲ್ಲಕ್ಕಿಂತ ಕಠಿಣವಾದ ಪಾಠ. ಜಾತ್ರೆ, ಮದುವೆ, ಸುಗ್ಗಿ ಎಂದು ತಿಂಗಳುಗಟ್ಟಲೆ ಊರಿಗೆ ಹೋಗುತ್ತೇವೆ. ನಾಯಿ ಬೀದಿಯಲ್ಲಿ ಹೇಗೋ ಬದುಕೀತು ಎನ್ನುತ್ತೇವೆ. ಕೈಯೂಟಕ್ಕೆ ಒಗ್ಗಿದ ನಾಯಿ ಹಾಗೆ ಬದುಕುವುದು ಅಪರೂಪ. ಬೇರೆ ನಾಯಿಗಳು ಅದನ್ನು ಗಲ್ಲಿಗೆ ಸೇರಿಸುವುದಿಲ್ಲ. ಮುಚ್ಚಿದ ಬಾಗಿಲ ಮುಂದೆಯೇ ಮಲಗಿ ಸೊರಗುತ್ತದೆ.

ರೈಲಿನಲ್ಲಿ ನಾಯಿಯನ್ನು ಒಯ್ಯಲು ಅವಕಾಶವುಂಟು. ಮೊದಲನೆಯ ದರ್ಜೆಯಲ್ಲಿ ಕೂಪೆಯನ್ನು ಪೂರ್ತಿ ಕಾದಿರಿಸಿದವರು ಜೊತೆಗಿಟ್ಟುಕೊಳ್ಳಬಹುದು. ಇಲ್ಲವಾದರೆ ಬ್ರೇಕ್‌ವ್ಯಾನಿನ ನಾಯಿಪೆಟ್ಟಿಗೆ. ಸ್ಲೀಪರ್ ಡಬ್ಬಿಯಲ್ಲಿ ಬಿಡುವುದಿಲ್ಲ. ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ಇದು ಆಗದಿದ್ದರೆ ನಂಬಿಕೆಯವರೊಬ್ಬರಿಗೆ ಊಟದ ಖರ್ಚು, ಲಸಿಕೆಯ ಚೀಟಿ, ವೈದ್ಯರ ವಿಳಾಸ ಕೊಟ್ಟು, ಹೊರಡುವ ವಾರಕ್ಕೆ ಮುಂಚೆಯೇ ನಾಯಿಗೆ ಅವರ ಪರಿಚಯ ಮಾಡಿಸಿ.

ಮಹಾಭಾರತದ ಕೊನೆಯಲ್ಲಿ ಧರ್ಮರಾಯ ತನ್ನ ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವೇರಲು ಒಪ್ಪಲಿಲ್ಲ. ನಂಬಿ ಬಂದುದನ್ನು ಕೈಬಿಡಲಾರೆನೆಂದ. ನಾವು ಹತ್ತುವುದು ರಥವಲ್ಲ, ಸೊಲ್ಲಾಪುರದ ಗಾಡಿ. ಆದರೂ ಪ್ರಶ್ನೆ ಅದೇ.

ನಾಯಿಯ ಆಯುಷ್ಯ ಹತ್ತು ಹದಿಮೂರು ವರ್ಷ. ತರುವ ಮೊದಲು ಈ ಲೆಕ್ಕ ಹಾಕಿ. ಆಗದೆಂದು ತೋರಿದರೆ ತರದಿರುವುದೂ ಒಂದು ದಯೆಯೇ. ತಂದರೆ ಮಾತ್ರ ಒಬ್ಬರ ಹೆಸರಿಗೆ ತನ್ನಿ. ನಮ್ಮ ಖೋಲಿಯ ಬಾಗಿಲ ಹಿಂದೆ ಈಗ ಒಂದು ಹಾಳೆ ಅಂಟಿಸಿದೆ. ಅದರಲ್ಲಿ ನೀರು, ಊಟ, ತಿರುಗಾಟ, ಮೈ ನೋಡುವುದು ಎಂದು ನಾಲ್ಕು ಕಲಂ, ಮಾಡಿದವರ ಸಹಿ. ಕೆಳಗೆ ಮುಂದಿನ ಲಸಿಕೆಯ ತಾರೀಖು. ಎಲ್ಲಕ್ಕೂ ಮೇಲೆ ಹೊಣೆಗಾರನೆಂದು ಒಬ್ಬನ ಹೆಸರು. ಆ ಹಾಳೆಯಲ್ಲಿ ಸಹಿ ಬೀಳದೆ ರಾತ್ರಿ ನಮ್ಮ ತಟ್ಟೆಗೆ ಅನ್ನ ಬೀಳುವುದಿಲ್ಲ. ಪಕ್ಕದ ಖೋಲಿಯ ಹುಡುಗ ಈಗ ಮೋತಿಗೆ ನೀರಿಡಲು ತಾನೇ ಬರುತ್ತಾನೆ. ಬರುವಾಗ ಮುಂದಿನಿಂದ, ಹೆಸರು ಕರೆದು, ಬರುತ್ತಾನೆ.